ಬಲಗೈ ಗ್ಲೋವ್

ಇಬ್ರಾಹಿಂಪುರ ಗೇಟಿನಾಚೆ, ಕರಿಮಣ್ಣಿನ ಮೈದಾನದಾಗ
ಸುಣ್ಣದಿಂದ ಬರದ ನಾಕು ಬೇಸು, ಹದಿನಾರು ಹುಡುಗ್ಯಾರು.
ರೈಲಿನ ಟಿಕೀಟು ಹದಿನಾಕು.

ಆಡಾವರು ಒಂಬತ್ತು ಮಂದಿ, ಅವರ ಚಿಂತಿಲ್ಲ.
ಕಟ್ಟಿ ಮ್ಯಾಲ ಕುಂತ ಏಳರಾಗ ಐದು ಇಟಗೋಬೇಕು.
ಪೆನ್ಸಿಲ್ ಕಚಗೋತ ಕುಂತೀನಿ,
ಬಾಯಾಗ ಕಟಗಿ ರುಚಿ.

ಮಹಾನಂದಾ ಓಡ್ತಾಳ, ಬಾರಿಸಾಕ ಬರೂದಿಲ್ಲ.
ಆದ್ರ ಚೀಲ ತುಂಬ ಇಂಡಿ ಲಿಂಬಿಹಣ್ಣ ತರ್ತಾಳ,
ಅದು ಆಟದ ಲೆಕ್ಕಕ್ಕ ಹೌದೋ ಅಲ್ಲೋ?
ನೀಲಾಂಬಿಕಾ ಬಾರಿಸಿದ್ರ ಚೆಂಡು ಜ್ವಾಳದ ಹೊಲಕ್ಕ,
ಹತ್ತಕ್ಕ ಒಮ್ಮೆ. ಉಳದ ಒಂಬತ್ತು ಗಾಳಿಗೆ ಪೆಟ್ಟು.
ಕಸ್ತೂರಿ ಮಾತಾಡೂದಿಲ್ಲ. ಎದುರಿನ ಪಿಚರ್
ಚೆಂಡು ಬಿಡೂ ಮುಂಚೆ ಯಾವ ಕಾಲು ತಿರುವ್ತಾಳ ಅನ್ನೂದು
ಅಕಿಗಷ್ಟ ಗೊತ್ತು.

ದಾನಮ್ಮ ಮಾಶ್ಯಾಳ.
ಎಡಗೈಯಾಕಿ, ನಿಧಾನ. ಹೆಸರಿನ ಮ್ಯಾಲ ಗೆರಿ ಎಳದೆ.
ಎಳದ ಮ್ಯಾಲ ನೆನಪಾತು:
ಫಸ್ಟ್ ಬೇಸಿನ ಶಾಹಿದಾನೂ ಎಡಗೈಯಾಕಿ.
ಬಲಗೈಗೆ ಹಾಕೂ ಗ್ಲೋವ್ ನಮ್ಮಲ್ಲಿ ಒಂದ, ಇಬ್ಬರಿಗೂ ಪಾಳಿ,
ಅದು ದಾನಮ್ಮಂದು. ಸೋಲಾಪುರದ ಗುಜರಿಯೊಳಗ
ಅಕಿ ಸೋದರಮಾವಗ ಸಿಕ್ಕದ್ದು.

ಗೆರಿ ಅಳಿಸಿದೆ. ಅಳಿಸಿದ್ದು ಹುಡುಗೀಗೋ, ತೊಗಲಿಗೋ?
ರಬ್ಬರಿನ ಪುಡಿ ಊದಿ ಮತ್ತ ನೋಡಿದೆ,
ಹಾಳಿ ಅಲ್ಲೇ ತೆಳ್ಳಗಾಗಿತ್ತು.

ದೂರಿಂದ ನೋಡ್ತಿದ್ಲೋ ಏನೋ. ಬಂದು, ಗ್ಲೋವ್ ಬಿಚ್ಚಿ
ಪಟ್ಟಿ ಮ್ಯಾಲನ ಇಟ್ಲು:
"ಇದನ್ನ ಒಯ್ರಿ ಸರ. ಟಿಕೀಟಿಗೆ ಮತ್ತೊಬ್ಬಾಕಿ ಬರಲಿ."

ಏನರೆ ಹೇಳಬೇಕಂದೆ. ಅಷ್ಟರಾಗ ಅಕಿ
ಬಾಟಲಿ ತುಂಬಾಕ ನಳದ ಕಡೆ ಹೊಂಟಿದ್ಲು.
ರೂಢಿ ಬಿದ್ದಂಗ ಗ್ಲೋವಿನೊಳಗ ಎಡಗೈ ತೂರಿಸಿದೆ.
ಹೆಬ್ಬಟ್ಟಿಗೆ ಜಾಗ ಸಿಗಲಿಲ್ಲ.