ಏಳು ಗಂಟೆಯ ಕಡೆಗೆ

ಐದು ಗುಂಡೂ ಏಳು ಗಂಟೆಯ ಕಡೆಗೇ.
ಗುರಿಹಲಗೆಯನ್ನು ಗಡಿಯಾರ ಅಂದುಕೊಂಡರೆ
ಎಡಕ್ಕೆ, ಕೆಳಕ್ಕೆ,
ನಮ್ಮ ಬೀದಿಗೆ ನೀರು ಬಿಡುವ ಹೊತ್ತು.

ಚೆಲುವಯ್ಯ ಮೇಷ್ಟ್ರು ತೂತುಗಳಿಗೆ ಕಿರುಬೆರಳಿಟ್ಟು
ಕಣಿ ಹೇಳುವವರ ಹಾಗೆ ಓದಿದರು:
‘ಕಣ್ಣು ಸರ್ಯಾಗದೆ. ಉಸ್ರೂ ಸರ್ಯಾಗದೆ.
ಕೈ ಸುಳ್ಳೇಳ್ತದೆ ಕನವ್ವ ಪುಟ್ತಾಯಿ.’

ಇಪ್ಪತ್ತೆರಡು ವರ್ಷ ಸರ್ವೀಸಿನ ಕೈ.
ಹಳೆಯ ರಿವಾಲ್ವರಿನ ಕುದುರೆ ಎಳೆಯುವುದೆಂದರೆ
ಆಳದ ಬಾವಿಯಿಂದ ಕೊಡ ಸೇದಿದ ಹಾಗೆ,
ಉದ್ದಕ್ಕೆ, ಭಾರಕ್ಕೆ, ಕೊನೆಯಲ್ಲೊಂದು ಜಗ್ಗು.
ಈಗ ಕೊಟ್ಟಿರುವ ಪಿಸ್ತೂಲಿಗೆ
ಹಾಲಿನ ಕೆನೆ ಸರಿಸಿದಷ್ಟು ಸಾಕು.
ಬೆರಳಿಗೆ ಅದು ಗೊತ್ತಿಲ್ಲ.
ಬೆರಳು ಇನ್ನೂ ಬಾವಿಕಟ್ಟೆಯ ಮೇಲೇ ನಿಂತಿದೆ.

ಅದಕ್ಕೂ ಹಿಂದೆ
ಕ್ಯಾತಮಾರನಹಳ್ಳಿಯ ಒಂಟಿ ಕೋಣೆಯಲ್ಲಿ
ಅವ್ವನ ಎದುರು ಮಣೆ ಹಾಕಿಕೊಂಡು
ಊದುಬತ್ತಿ ಹೊಸೆದ ಕೈ ಇದು.
ಸ್ಕೂಲಿಗೆ ಮುಂಚೆ ಐನೂರು, ಬಂದ ಮೇಲೆ ಸಾವಿರ.
ಕರಿ ಹಿಟ್ಟು, ಜಿಗಟು, ಕಡ್ಡಿ, ಒಂದೇ ಉರುಳು.
ಅಲ್ಲಿ ಬೆರಳು ಬೇರೆ ಅಂಗೈ ಬೇರೆ ಅಂತ ಇರಲಿಲ್ಲ,
ಐದೂ ಒಟ್ಟಿಗೆ ಹೋಗಿ ಐದೂ ಒಟ್ಟಿಗೆ ಬರುತ್ತಿದ್ದವು.

‘ಒಂದು ಬೆರಳು ಬರ್ಲಿ, ಮಿಕ್ಕವು ಮನೀಕೊಳ್ಳಲಿ,’
ಅನ್ನುತ್ತಾರೆ ಮೇಷ್ಟ್ರು.
ಅಷ್ಟು ಕಡ್ಡಿಗಳನ್ನು ಯಾವ ಜೋಗುಳ ಹಾಡಿ ಮಲಗಿಸಲಿ?

ಆಮೇಲೆ ನನಗೆ ಬೆನ್ನು ಮಾಡಿ
ಮ್ಯಾಗಜೀನಿನ ನಡುವೆ ಎಲ್ಲೋ
ಒಂದು ಖಾಲಿ ಗುಂಡು ಸೇರಿಸಿದರು.
ಮೊದಲನೆಯದು ಢಂ. ಎರಡನೆಯದು ಢಂ.
ಮೂರನೆಯದು
ಟಿಕ್.

ಆ ಟಿಕ್ಕಿಗೆ ಪಿಸ್ತೂಲು ಮೂಗು ತಗ್ಗಿಸಿತು,
ಏಟು ಬೀಳುವ ಮೊದಲೇ
ಕೆನ್ನೆ ಮುಚ್ಚಿಕೊಳ್ಳುವ ಹುಡುಗನ ಹಾಗೆ.
ಒದೆತ ಇರಲಿಲ್ಲ, ಹೊಗೆ ಇರಲಿಲ್ಲ,
ಬಾರದೇ ಇದ್ದ ಸದ್ದಿಗೆ ನಾನೇ ಸಲಾಮು ಹೊಡೆದಿದ್ದೆ.
ಸಾಲಿನ ಹುಡುಗರು ನಕ್ಕರು.
ಚೆಲುವಯ್ಯ ನಗಲಿಲ್ಲ. ‘ಈಗ ಸಿಕ್ತು,’ ಅಂದರು.

ಹೋದ ವರ್ಷ ದಸರೆಗೆ ಮುಂಚೆ
ಫಿರಂಗಿ ತಾಲೀಮಿಗೆ ನನ್ನನ್ನು ಬಂದೋಬಸ್ತಿಗೆ ಹಾಕಿದ್ದರು.
ಮೊದಲ ದಿನ ಹೊಸ ಆನೆ ಸರಪಳಿ ಕಿತ್ತುಕೊಳ್ಳುವಷ್ಟು ಎಳೆದಾಡಿತು.
ಎರಡನೆಯ ದಿನ ಹೆಜ್ಜೆ ಹಿಂದಿಟ್ಟಿತು, ಅಷ್ಟೆ.
ಮೂರನೆಯ ದಿನ ಮದ್ದು ತೇವವಾಗಿ
ಒಂದು ತೋಪು ಹಾರಲೇ ಇಲ್ಲ.
ಆದರೂ ತೋಪಿನವನು ಕೈ ಎತ್ತಿದ ಕ್ಷಣ
ಬೀಸುತ್ತಿದ್ದ ಕಿವಿ ಎರಡೂ ನಿಂತುಬಿಟ್ಟವು.
ಅಷ್ಟು ದೊಡ್ಡ ಮೈ, ಆ ಮೌನದೊಳಗೆ
ಸುಮ್ಮನೆ ಕಾಯುತ್ತಿತ್ತು.
ಮಾವುತ ಬಯ್ಯಲಿಲ್ಲ.
ಕಿವಿಯ ಹಿಂದೆ ಹೆಬ್ಬೆರಳಿಟ್ಟುಕೊಂಡು
ಅದು ಮತ್ತೆ ಬೀಸುವ ತನಕ ಕೂತಿದ್ದ.

ಪಿಸ್ತೂಲನ್ನು ಮನೆಗೆ ಕೊಡುವುದಿಲ್ಲ.
ಅಡುಗೆಮನೆಯಲ್ಲಿ ಗ್ಯಾಸು ಬಂದ್ ಮಾಡಿ
ಲೈಟರು ಹಿಡಿದು ನಿಲ್ಲುತ್ತೇನೆ,
ಬೆನ್ನ ಮೇಲೆ ಒಂದು ರೂಪಾಯಿ,
ಎದುರಿಗೆ ಸಾಸಿವೆ ಡಬ್ಬಿ.
ಟಿಕ್. ನಾಣ್ಯ ಬಿತ್ತು.
ಟಿಕ್. ಬಿತ್ತು.
‘ಮೂವತ್ತೊಂದು,’ ಅಂತ ಮಗಳು ನೆಲದಿಂದ ಎತ್ತಿ ಕೊಡುತ್ತಾಳೆ,
ಬಡ್ಡಿ ಕೇಳುವವಳ ಗತ್ತಿನಲ್ಲಿ.

ಒಂದು ರಾತ್ರಿ, ನಾಳೆಯ ಡ್ಯೂಟಿ ಎಲ್ಲಿ ಅಂತ ಯೋಚಿಸುತ್ತಿದ್ದಾಗ,
ಅದು ಯಾವಾಗ ಟಿಕ್ಕೆಂದಿತೋ ತಿಳಿಯಲಿಲ್ಲ.
ರೂಪಾಯಿ ಅಲ್ಲೇ ಇತ್ತು.
ಮಗಳು ಮಲಗಿಬಿಟ್ಟಿದ್ದಳು,
ಸಾಕ್ಷಿಗೆ ಸಾಸಿವೆ ಡಬ್ಬಿ.

ಮುಂದಿನ ಶನಿವಾರ ಫೈರಿಂಗು.
ನಾಲ್ಕು ನಡುವೆ. ಒಂದು ಮಾತ್ರ
ಅದೇ ಏಳು ಗಂಟೆಗೆ.
ಮೇಷ್ಟ್ರು ಅದಕ್ಕೆ ಕಿರುಬೆರಳಿಟ್ಟು ‘ಇದ್ಯಾರ್ದವ್ವ?’ ಅಂದರು.
ನಾನು ಹೇಳಲಿಲ್ಲ.
ಅಂಗೈ ನೋಡಿಕೊಂಡೆ, ಮಸಿ ಹಿಡಿದಿತ್ತು,
ಮೂಸಿದರೆ ಗಂಧವಿಲ್ಲ, ಬರೀ ಮದ್ದು.
ಚೇಂಬರು ತೆಗೆದು, ಖಾಲಿ ಅಂತ ತೋರಿಸಿ,
ಪಿಸ್ತೂಲು ವಾಪಸು ಕೊಟ್ಟೆ.