ನೀರ್ ಬಂದಾಗ

ಹೆಸರಿರುವ ಕಡೆಯೆಲ್ಲ ಬಿಳಿ ಬಳಿದಿದ್ದಾರೆ.
ಊರಿಗೂ ಬಳಿದಿದ್ದಾರೆ,
ಮದ್ದೂರು ತಾಲ್ಲೂಕು ಅನ್ನುವುದಷ್ಟೇ ಉಳಿದಿದೆ.
ಈ ಕಟ್ಟಿನಲ್ಲಿ ಆ ಮಗು ಪಿ.ಡಬ್ಲ್ಯೂ. ಎರಡು.
ವಯಸ್ಸು ಎಂಟು. ಪ್ರಮಾಣ ಬೋಧಿಸಿಲ್ಲ.

ನಾನು ಮಂಡ್ಯ ಕೋರ್ಟಿನ ಭಾಷಾಂತರದ ಗುಮಾಸ್ತೆ.
ಕನ್ನಡದಲ್ಲಿ ಬಿಕ್ಕಿದ್ದನ್ನು ಇಂಗ್ಲಿಷಿನಲ್ಲಿ ಬರೆದು
ಬೆಂಗಳೂರಿಗೆ ಕಳಿಸುತ್ತೇನೆ.
ಅಪೀಲಿನಲ್ಲಿ ಯಾರೂ ಬಂದು ನಿಲ್ಲುವುದಿಲ್ಲ,
ಕಾಗದವೇ ಕಟಕಟೆ ಹತ್ತುತ್ತದೆ.

ಅಪೀಲುದಾರ ಹಾಲಿನ ಡೈರಿಯ ಸೆಕ್ರೆಟರಿ,
ಲೆಕ್ಕದ ಮನುಷ್ಯ.
ಶಿಕ್ಷೆ ತಪ್ಪು ಅನ್ನುವುದಕ್ಕೆ ಒಂಬತ್ತು ಕಾರಣ ಕೊಟ್ಟಿದ್ದಾನೆ.
ಐದನೆಯದು: ಹೊತ್ತು ತಾಳೆಯಾಗುವುದಿಲ್ಲ.
ಪೊಲೀಸರ ಮುಂದೆ ಸಂಜೆ ಏಳು,
ಮ್ಯಾಜಿಸ್ಟ್ರೇಟರ ಮುಂದೆ ರಾತ್ರಿ,
ಕೋರ್ಟಿನಲ್ಲಿ ಗೊತ್ತಿಲ್ಲ.

ಮೂಲ ತೆಗೆದು ನೋಡಿದೆ.
ಗೊತ್ತಿಲ್ಲ ಅಂತ ಅವಳು ಎಲ್ಲೂ ಅಂದಿಲ್ಲ.
ಪಾಟೀಸವಾಲಿನ ಎರಡನೆಯ ಪುಟ, ಕೆಳಗಿನಿಂದ ನಾಲ್ಕನೆಯ ಸಾಲು:
"ನೀರ್ ಬಂದಾಗ."
ಗಡಿಯಾರದಲ್ಲಿ ಎಷ್ಟಾಗಿತ್ತು?
"ನೀರ್ ಬಂದಾಗ. ಅವ್ವ ಕೊಡ ತಗಂಡು ಹೋಗಿದ್ಲು."
ಆಮೇಲೆ ಟೈಪಿಸ್ಟ್ ಕಂಸದಲ್ಲಿ ಸೇರಿಸಿದ್ದಾನೆ:
(ಸಾಕ್ಷಿ ಉತ್ತರಿಸುತ್ತಿಲ್ಲ.)
ಮತ್ತೆ ಎರಡು ಸಾಲು ಬಿಟ್ಟು
(ಸಾಕ್ಷಿಗೆ ಬಿಸ್ಕತ್ತು ಕೊಡಲಾಯಿತು.)

"ಈವನಿಂಗ್ ಅಂತ ಹಾಕಿ, ಮುಗೀತು" ಅಂದರು
ಶಿರಸ್ತೇದಾರ್ ಪರಮಶಿವಯ್ಯ.
ಅವರ ಮನೆ ಸುಭಾಷ್‌ನಗರದಲ್ಲಿ, ತಾರಸಿಯ ಮೇಲೆ ಎರಡು ಟ್ಯಾಂಕು.
ನಾನು ನಾಲೆಯ ಕೊನೆಯ ಊರಿನವಳು.
ನಮ್ಮಲ್ಲಿ ನೀರುಗಂಟಿ ಚೌಡಯ್ಯ
ಕರೆಂಟು ನೋಡಿಕೊಂಡು, ಮಗಳ ಮನೆಗೆ ಹೋಗಿಬಂದು,
ಒಮ್ಮೊಮ್ಮೆ ಕುಡಿದ ಅಮಲು ಇಳಿಸಿಕೊಂಡು
ವಾಲ್ವು ತಿರುಗಿಸುತ್ತಿದ್ದ.
ದೀಪ ಹಚ್ಚುವಾಗ ಬಂದರೂ ಅದೇ ಹೊತ್ತು,
ಊರು ಮಲಗಿದ ಮೇಲೆ ಬಂದರೂ ಅದೇ ಹೊತ್ತು.
ನಲ್ಲಿಯ ಗಂಟಲು ಗೊರಗೊರ ಅಂದರೆ ಸಾಕು,
ಒಲೆಯ ಮೇಲಿನ ಮುದ್ದೆ ಬಿಟ್ಟು ಹೆಂಗಸರೆಲ್ಲ ಬೀದಿಗೆ.
ಮನೆಯೊಳಗೆ ಮಕ್ಕಳು.
ಅದು ಊರಿಗೆಲ್ಲ ಗೊತ್ತಿತ್ತು.
ಡೈರಿಯ ಸೆಕ್ರೆಟರಿಗೂ.

ಮೂರು ಇಂಗ್ಲಿಷ್ ಪದ ಬರೆದೆ, ಅವಳು ಅಂದಷ್ಟೇ.
ಗಂಟೆ ಹಾಕಲಿಲ್ಲ. ಸಂಜೆಯನ್ನೂ ಹಾಕಲಿಲ್ಲ.
ಅಡಿಯಲ್ಲಿ ಸಹಿ, ಸೀಲು.
ಕಟ್ಟು ಬೆಂಗಳೂರಿನ ಬಸ್ಸು ಹತ್ತಿತು.

ಹದಿನಾಲ್ಕು ತಿಂಗಳಾದ ಮೇಲೆ ತೀರ್ಪು ಬಂತು,
ಕನ್ನಡಕ್ಕೆ ತಿರುಗಿಸಲು ನನ್ನದೇ ಮೇಜಿಗೆ.
ಮೂವತ್ತೊಂದು ಪುಟ.
ಸಣ್ಣಪುಟ್ಟ ವ್ಯತ್ಯಾಸ, ಬುಡಕ್ಕೆ ತಾಕದ ವ್ಯತ್ಯಾಸ,
ಹಳೆಯ ತೀರ್ಪುಗಳ ಹೆಸರು ಸಾಲುಸಾಲು.
ಇಪ್ಪತ್ತಾರನೆಯ ಪ್ಯಾರಾದಲ್ಲಿ ನ್ಯಾಯಮೂರ್ತಿಗಳು
ನಲ್ಲಿಯ ಹತ್ತಿರ ನಿಂತಿದ್ದರು.
ಮಗು ಮೂರು ಸಲವೂ ಒಂದೇ ಹೊತ್ತು ಹೇಳಿದೆ,
ಗಂಟೆ ಕಟ್ಟಿದವರು ಬರೆದುಕೊಂಡವರು;
ತಾಯಿ ನೀರಿಗೆ ಹೋಗಿದ್ದ ಸಮಯವೇ
ಈ ಕೃತ್ಯದ ಸಮಯ ಎಂಬುದರಲ್ಲಿ
ಸಂಶಯಕ್ಕೆ ಎಡೆಯಿಲ್ಲ.
ಅಪೀಲು ವಜಾ.

ಓದಿ, ಎದ್ದು ಹೋಗಿ, ಕಾಫಿ ಕುಡಿದು ಬಂದೆ.
ಸುಳ್ಳೇಕೆ, ಸ್ವಲ್ಪ ಬೀಗಿದೆ ಕೂಡ.

ನಕಲು ತೆಗೆದುಕೊಳ್ಳಲು ಅವಳ ತಾಯಿ ಬಂದಳು.
ಫ್ಯಾಕ್ಟರಿಗೆ ಕಬ್ಬು ಹೊತ್ತ ಟ್ರಾಕ್ಟರುಗಳ ಹಿಂದೆ ಸಿಕ್ಕಿ
ಬಸ್ಸು ತಡವಾಯಿತಂತೆ.
"ಅವನು ಒಳಗೇ ಇರ್ತಾನಮ್ಮ" ಅಂದೆ.
ತಲೆಯಾಡಿಸಿದಳು. ಲಾಯರು ಫೋನಿನಲ್ಲಿ ಹೇಳಿದ್ದರಂತೆ.
ಮಗಳು ಈಗ ಹತ್ತನೇ ಕ್ಲಾಸು, ಬೇರೆ ಊರಿನಲ್ಲಿ,
ಇದನ್ನೆಲ್ಲ ಕೇಳುವುದಿಲ್ಲವಂತೆ.

ಸೆರಗಿಗೆ ಕೈ ಒರೆಸಿಕೊಂಡು
ಹಾಳೆಯ ಮೇಲೆ ಬೆರಳಿಟ್ಟು ಒಂದೊಂದೇ ಸಾಲು ಇಳಿದಳು.
ಕಾಗುಣಿತ ಕೂಡಿಸಿ ಓದುವವಳು.
ಆಮೇಲೆ, ತಲೆ ಎತ್ತದೆ,

"ನಾನ್ ನೀರಿಗ್ ಹೋಗಿದ್ದೆ ಅಂತ
ಬರ್ದವ್ರಾ ಇದ್ರಲ್ಲಿ?"

ಇಪ್ಪತ್ತಾರನೆಯ ಪ್ಯಾರಾದ ಮೇಲೆ
ನನ್ನ ಕೈ ಇತ್ತು.
ತೆಗೆಯಲಿಲ್ಲ.