ಹದಿನಾಲ್ಕು ತಾಯಂದಿರು

ಮಂಗಳೂರು ಬಂದರಿನ ಐಸ್ ಪ್ಲಾಂಟಿನ ಪಕ್ಕ
ಇಚ್ಚಬ್ಬ ಹಗ್ಗ, ಗಾಳ, ಸೀಸದ ಗುಂಡು ಮಾರುತ್ತಾನೆ.
ನಾನು ಅವನ ತಕ್ಕಡಿಗೆ ಮುದ್ರೆ ಒತ್ತಲು
ವರ್ಷಕ್ಕೊಮ್ಮೆ ಬರುವವಳು,
ಕೆಲಸ ಮುಗಿದ ಮೇಲೆ ಚಹಾಕ್ಕೆ ಕೂರುವವಳು.

ಹತ್ತೊಂಬತ್ತು ವರ್ಷ ಶಾರ್ಜಾದಲ್ಲಿ ಲಾಯದ ಕೆಲಸ ಅವನಿಗೆ.
ಈಗಲೂ ಗಂಟು ಹಾಕಿದರೆ
ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳಬೇಕು.
ಕುದುರೆ ಬೆದರಿದಾಗ ಹೊತ್ತಿರುವುದಿಲ್ಲವಂತೆ.

"ಎಲ್ಲ ಶುರುವಾದದ್ದು ಹೆಣ್ಣುಗಳಿಂದ, ರಾಜೀವಿಯಕ್ಕ.
ಮರಳಲ್ಲಿ ಹುಲ್ಲೆಲ್ಲಿ? ಒಂಟೆಯ ಹಾಲು ಕುಡಿಸಿ,
ಖರ್ಜೂರ ತಿನ್ನಿಸಿ, ಚಳಿಗೆ ಡೇರೆಯೊಳಗೆ
ಮಕ್ಕಳ ಜೊತೆ ಮಲಗಿಸಿದರಂತೆ.
ಸುರುಮ ಹಚ್ಚಿದ ಹಾಗೆ ಕಣ್ಣಿನವಳು ಕುಹೈಲ.
ಓಟದಲ್ಲಿ ಸವಾರನ ಜಾರಿದ ನಿಲುವಂಗಿಯನ್ನು
ಎತ್ತಿದ ಬಾಲದ ಮೇಲೆ ಹೊತ್ತು ತಂದವಳು ಅಬೈಯ.
ಸತ್ಯವೋ ಸುಳ್ಳೋ, ಹೇಳಿದವ ಯೆಮೆನಿನ ಮುದುಕ.
ಹಲ್ಲಿರಲಿಲ್ಲ, ಹೆಸರುಗಳು ಮಾತ್ರ ಗಟ್ಟಿ ಇದ್ದವು.
ಮಗಳಿಗೆ ತಾಯಿಯ ಕುಲ, ಅವಳ ಮಗಳಿಗೂ ಅದೇ."

ನಾನು ಗ್ಲಾಸು ಕೆಳಗಿಟ್ಟೆ.
ನಮ್ಮ ಬಾರ್ಕೂರಿನ ಮನೆಯಲ್ಲೂ
ಬರಿ ಹರಿದದ್ದು ಅಮ್ಮನಿಂದಲೇ; ಅಪ್ಪ
ಶನಿವಾರ ಸಂಜೆ ಬರುವ ನೆಂಟ.

"ಗಂಡನ್ನು ಮಾರುತ್ತಿದ್ದರು," ಎಂದ.
"ಹೆಣ್ಣನ್ನು ಕೊಟ್ಟರೆ ಡೇರೆಯನ್ನೇ ಕೊಟ್ಟ ಹಾಗೆ."

ಹಾಗಾದರೆ ಬಾರ್ಕೂರಿಗೆ ಬಂದವು?
ಹಡಗಿನ ಹೊಟ್ಟೆಯಿಂದ ಕಾಲು ನಡುಗುತ್ತ ಇಳಿದು,
ಸೀತಾನದಿಯ ಉಪ್ಪುನೀರು ಮೂಸಿ ಮುಖ ತಿರುಗಿಸಿ,
ಬೇಯಿಸಿದ ಹುರುಳಿಗೆ ನಾಲಗೆ ಒಗ್ಗಿಸಿಕೊಂಡು
ಘಟ್ಟ ಹತ್ತಿ ರಾಯರ ದಂಡಿಗೆ ಹೋದವು
ಹೆಚ್ಚಿನವು ಗಂಡೇ ಇರಬೇಕು.
ಲೆಕ್ಕ ಉಂಟು, ಮರಿ ಇಲ್ಲ.
ಊರಿಗೆ ಉಳಿದದ್ದು ಹುರುಳಿ.

ಹಿಂದೆ ದಕ್ಕೆಯಲ್ಲಿ ಬೋಟೊಂದು ಕೆಮ್ಮಿ ಸುಮ್ಮನಾಯಿತು.
ಇಚ್ಚಬ್ಬ ಗಲ್ಲಾಪೆಟ್ಟಿಗೆಯಿಂದ ಪ್ಲಾಸ್ಟಿಕ್ ಚೀಲ ತೆಗೆದ:
ಬಾಲದ ನಾಲ್ಕು ಕೂದಲು, ಬೂದಿ ಬಣ್ಣ,
ಮೂಲೆ ಕತ್ತರಿಸಿದ ಹಳೆ ಪಾಸ್‌ಪೋರ್ಟು.

"ಅವಳಿಗೂ ಪಾಸ್‌ಪೋರ್ಟ್ ಇತ್ತು ಮಾರಾಯ್ರೆ.
ನಂದೂ ಅವಳದ್ದೂ ಅರ್ಬಾಬನ ಒಂದೇ ಕಪಾಟಿನಲ್ಲಿ.
ಅವಳದ್ದರ ಜೊತೆ ಉದ್ದದ ಹಾಳೆ,
ತಾಯಿ, ತಾಯಿಯ ತಾಯಿ, ಹಾಗೇ ಹದಿನಾಲ್ಕು.
ಒಂದಕ್ಷರ ತಪ್ಪಿಲ್ಲ."

ತನ್ನದನ್ನು ಬಿಡಿಸಿ ತೋರಿಸಿದ.
ಕೊನೆಯ ಪುಟದಲ್ಲಿ ಬೀಪಾತುಮ್ಮ
ಬಿಬಾತಮ ಆಗಿದ್ದಳು.
"ಸರಿ ಮಾಡಿಸಬೇಕಂತ ಯಾರಿಗೂ ಅನಿಸಲಿಲ್ಲ. ನನಗೂ."

ಬೀಪಾತುಮ್ಮನ ತಾಯಿ ಯಾರು, ಕೇಳಿದೆ.
ಅವನು ಮೀನಿನ ಬುಟ್ಟಿಗಳ ಕಡೆ ನೋಡಿದ,
ಕೈಯಲ್ಲಿದ್ದ ಹಗ್ಗಕ್ಕೆ ಗಂಟು ಹಾಕಿದ,
ಎಳೆದ,
ಮತ್ತೆ ಹಾಕಿದ.